ಏಳನೇ ತೊಟ್ಟಿಯ ಅಳತೆ

ಅದು ಒಂಬತ್ತಲ್ಲ, ಆರು ಎಂದು ಅವಳಿಗೆ ಹೊಳೆದದ್ದು ಬೆಳಿಗ್ಗೆ ಹಲ್ಲುಜ್ಜುವಾಗ. ಬಾಯಿ ತುಂಬ ನೊರೆ ಇದ್ದುದರಿಂದ ಕೂಗಿಕೊಳ್ಳಲು ಆಗಲಿಲ್ಲ. ಕನ್ನಡಿಯೊಳಗಿನ ಹೆಂಗಸು ಬ್ರಷ್ಷನ್ನು ಕೆನ್ನೆಯೊಳಗೇ ನಿಲ್ಲಿಸಿಕೊಂಡು, ಕದ್ದು ಸಿಕ್ಕಿಬಿದ್ದವಳ ಹಾಗೆ ಅವಳನ್ನೇ ದಿಟ್ಟಿಸಿದಳು. ಹೊಳೆಯಿತು ಅನ್ನುವುದೂ ಪೂರ್ತಿ ಸರಿಯಲ್ಲ. ನಿನ್ನೆ ಇಡೀ ದಿನ ಅದು ಚಪ್ಪಲಿಯೊಳಗೆ ಸೇರಿದ ಹರಳಿನಂತೆ ಒತ್ತುತ್ತಲೇ ಇತ್ತು, ಅವಳೇ ಕಾಲು ಬದಲಿಸಿ ಬದಲಿಸಿ ನಡೆದಿದ್ದಳು. ಸಕ್ಕರೆ ಕಾರ್ಖಾನೆಯ ಲ್ಯಾಬಿಗೆ ಅವಳು ಮುಖ್ಯಸ್ಥೆ. ಅಲ್ಲಿಯ ಮಂದಿಗೆಲ್ಲ ಲ್ಯಾಬಕ್ಕ. ವಾರಕ್ಕೊಮ್ಮೆ ಇಳುವರಿಯ ಲೆಕ್ಕ ಹಾಕುವುದು ಅವಳ ಕೆಲಸ: ಒಳಗೆ ಬಂದ ಕಬ್ಬೆಷ್ಟು, ಅದರಿಂದ ಇಳಿದ ಸಕ್ಕರೆ ಎಷ್ಟು. ಮೂಟೆ ಕಟ್ಟಿದ್ದನ್ನು ತೂಗಿದರೆ ಮುಗಿಯಲಿಲ್ಲ. ಇನ್ನೂ ಸಕ್ಕರೆಯಾಗದೆ ರಸವಾಗಿ, ಪಾಕವಾಗಿ ತೊಟ್ಟಿಗಳಲ್ಲಿ ಉಳಿದಿರುತ್ತದಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದೊಂದು ತೊಟ್ಟಿಗೂ ಕೋಲು ಇಳಿಬಿಟ್ಟು, ಎಷ್ಟು ಅಡಿ ಇದೆ ಎಂದು ಚೀಟಿಯಲ್ಲಿ ಬರೆದು ತರುವವನು ಕೋಲಣ್ಣ. ನಿನ್ನೆ ಅವನು ತಂದ ಚೀಟಿಯಲ್ಲಿ ಏಳನೇ ತೊಟ್ಟಿಯ ಎದುರು ಇದ್ದದ್ದು ಒಂದು ಸುಳಿ, ಒಂದು ಬಾಲ. ಒಂಬತ್ತು ಎಂದು ಅವಳು ದೊಡ್ಡ ಹಾಳೆಗೆ ಇಳಿಸಿಕೊಂಡಳು. ಕೂಡಿ ಕಳೆದು ಭಾಗಿಸಿದಾಗ ಬಂದದ್ದು ನೂರು ಟನ್ ಕಬ್ಬಿಗೆ ಹನ್ನೊಂದು ಪಾಯಿಂಟ್ ನಾಲ್ಕು ಮೂರು ಟನ್ ಸಕ್ಕರೆ. ಕಾರ್ಖಾನೆ ಶುರುವಾದಾಗಿನಿಂದ ಯಾವ ವಾರವೂ ಕಾಣದ ಇಳುವರಿ. ಇಪ್ಪತ್ತೆರಡು ವರ್ಷದಿಂದ ಅಲುಗಾಡದೆ ಕೂತಿದ್ದ ಹಳೆಯ ದಾಖಲೆ ಹನ್ನೊಂದು ಪಾಯಿಂಟ್ ನಾಲ್ಕು ಒಂದು. ಅದು ಅವಳ ಅಪ್ಪನದು; ಆಗ ಲ್ಯಾಬಿನ ಮುಖ್ಯಸ್ಥ ಅವನೇ.

ಅಡುಗೆಮನೆಯಲ್ಲಿ ಗಂಡ ಚಹಾ ಸೋಸುತ್ತಿದ್ದ. ಅವನು ಅದೇ ಕಾರ್ಖಾನೆಯ ಕಬ್ಬಿನ ಅಂಗಳದ ಗುಮಾಸ್ತ. ಕಬ್ಬು ಹೊತ್ತು ಬಂದ ಲಾರಿಗಳಿಗೆ ಸರದಿ ಚೀಟಿ ಕೊಟ್ಟು ಒಳಗೆ ಬಿಡುವವನು. ಜಗತ್ತಿನ ಯಾವ ಮಾತಿಗೂ ಅವನಲ್ಲಿದ್ದ ಉತ್ತರ ಒಂದೇ, ಹೂಂ. ಹದಿನಾರು ವರ್ಷದ ಸಂಸಾರದಲ್ಲಿ ಒಮ್ಮೆಯೂ ಸಿಟ್ಟಾಗದ ಗಂಡ ಎಂದು ನೆರೆಮನೆಯವರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಹತ್ತಿಮೂಟೆಗೆ ಗುದ್ದಿ ನೋಡಿದವರಿಗೆ ಮಾತ್ರ ಗೊತ್ತು ಅದರ ಕಷ್ಟ.

“ಅಪ್ಪ ಎಲ್ಲಿ?”

“ಆರೂವರೆಗೇ ಹೊರಟ್ರು. ಗಡ್ಡ ತೆಗೆದು, ಇಸ್ತ್ರಿ ಶರ್ಟು ಹಾಕ್ಕೊಂಡು.”

“ಏನಾದ್ರೂ ಅಂದ್ನಾ?”

“ಇಲ್ಲ.”

“ಬೇಜಾರಾಗಿದ್ದಾನೆ, ಅಲ್ವಾ?”

“ಹೂಂ,” ಎಂದ ಗಂಡ. ಖುಷಿಯಾಗಿದ್ದಾನೆ ಅಲ್ವಾ ಎಂದು ಕೇಳಿದ್ದರೂ ಹೂಂ ಅನ್ನುತ್ತಿದ್ದ.

ನಿನ್ನೆ ಸಂಜೆ ಅವಳು ಸುದ್ದಿ ಹೇಳಿದಾಗ ಅಪ್ಪ ಪೇಪರ್ ಕೆಳಗಿಟ್ಟ, ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ, “ಎಷ್ಟು ಅಂದೆ?” ಎಂದ. ನಾಲ್ಕು ಮೂರು ಎಂದಳು. ಅಪ್ಪ ಎದ್ದು ಮಹಡಿ ಹತ್ತಿ ತನ್ನ ಕೋಣೆಗೆ ಹೋದ. ಆಮೇಲೆ ಊಟದ ತನಕ ತಲೆಯ ಮೇಲೆ ಹೆಜ್ಜೆ ಸಪ್ಪಳ, ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಇಡೀ ಹಂಗಾಮು ಅವಳು ಅಪ್ಪನನ್ನು ಹಿಂದಿಕ್ಕುವ ಯೋಚನೆ ತನಗಿಲ್ಲ ಎಂದು ತನಗೇ ಹೇಳಿಕೊಂಡಿದ್ದಳು, ದಿನಕ್ಕೆ ಎರಡು ಸಲ. ಇಲ್ಲದ ಯೋಚನೆಯನ್ನು ಯಾರಾದರೂ ದಿನಕ್ಕೆ ಎರಡು ಸಲ ಇಲ್ಲ ಅನ್ನುತ್ತಾರೆಯೇ? ಒಂಬತ್ತನೇ ವಯಸ್ಸಿನಲ್ಲಿ ಗಣಿತದಲ್ಲಿ ತೊಂಬತ್ತಾರು ತಂದು, ಓಡಿ ಬಂದ ಉಸಿರಿನಲ್ಲೇ ಹಾಳೆ ಚಾಚಿದಾಗ ಅಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದು, “ಉಳಿದ ನಾಲ್ಕು ಎಲ್ಲಿ ಸೋರಿಹೋಯ್ತು?” ಬೈಗುಳವಲ್ಲ, ನಿಜವಾದ ಕುತೂಹಲ. ಕಾರ್ಖಾನೆಯಲ್ಲಿ ಸಿಪ್ಪೆಯಲ್ಲಿ ಎಷ್ಟು ಸಕ್ಕರೆ ಹೋಯಿತು, ಮಡ್ಡಿಯಲ್ಲಿ ಎಷ್ಟು, ಕಾಕಂಬಿಯಲ್ಲಿ ಎಷ್ಟು ಎಂದು ಹುಡುಕುವ ಅದೇ ದನಿ. ಅಂದಿನಿಂದ ಅವಳು ಎಲ್ಲಿಯೂ ಏನನ್ನೂ ಸೋರಗೊಡದೆ ಬದುಕಿದವಳು. ಟೂತ್‌ಪೇಸ್ಟಿನ ಕೊಳವೆಯನ್ನೂ ಕತ್ತರಿಸಿ ಬಳಸುವವಳು. ಹಾಗಿದ್ದವಳ ಕೈ ಒಂದು ಬಾಲವನ್ನು ತಪ್ಪು ಓದಿತೆಂದರೆ, ಓದಿದ್ದು ಕೈಯೋ, ಅಥವಾ ಕೈಯ ಹಿಂದೆ ಹಲ್ಲು ಕಿರಿದುಕೊಂಡು ನಿಂತಿದ್ದ ಇನ್ನೊಬ್ಬಳೋ?

ಕಾರ್ಖಾನೆಯ ಗೇಟಿನ ಪಕ್ಕದ ಕರಿಬೋರ್ಡಿನ ಮೇಲೆ, ಮ್ಯಾನೇಜರ್ ಸಂಜೆಯೇ ಪೇಂಟರನ್ನು ಕರೆಸಿ ಬಿಳಿ ಬಣ್ಣದಲ್ಲಿ ಬರೆಸಿದ್ದ: ೧೧.೪೩. ಒಂದೊಂದು ಅಂಕಿಯೂ ಎರಡು ವರ್ಷದ ಮಗುವಿನಷ್ಟು ಎತ್ತರ. ಅದರ ಕೆಳಗೆ ಗುಂಪು. ಕಬ್ಬು ಅರೆಯುವ ಉರುಳೆಗಳ ಫಿಟ್ಟರ್, ಎಲ್ಲರ ಬಾಯಲ್ಲಿ ರೋಲರ್ ಮಾವ, ಕೈ ಒರೆಸಿಕೊಳ್ಳುತ್ತ, “ಹೋದ ವಾರ ಎರಡನೇ ರೋಲರ್ ಒಂದು ಕೂದಲಿನಷ್ಟು ಬಿಗಿ ಮಾಡ್ದೆ ನೋಡಿ, ಅದರ ಪ್ರಭಾವ,” ಎನ್ನುತ್ತಿದ್ದ. ನಲವತ್ತು ವರ್ಷದಿಂದ ಪಾಕ ಕುದಿಸಿದ ಪಾಕದಜ್ಜ ತನ್ನ ಹೆಬ್ಬೆರಳು ತೋರುಬೆರಳುಗಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, “ಇಲ್ಲಿ ಎಳೆ ಬರದೆ ಸಕ್ಕರೆ ಎಲ್ಲಿಂದ ಬರುತ್ತೆ?” ಎಂದ. ಮ್ಯಾನೇಜರ್ ತಾನು ತಿಂಗಳ ಹಿಂದೆ ಮಾಡಿದ ಭಾಷಣವನ್ನು ನೆನಪಿಸಿದ. ಅದರಿಂದಲೇ ಎಲ್ಲರಲ್ಲೂ ಹುರುಪು ಬಂದದ್ದಂತೆ. ಕೊನೆಗೆ ಫೋಟೋ ತೆಗೆಯಲು ಅವಳನ್ನು ಮಧ್ಯಕ್ಕೆ ಎಳೆದು, ಕೈಗೆ ಒಂದು ಗಾಜಿನ ಪಾತ್ರೆ ಕೊಟ್ಟರು. “ಏನಾದ್ರೂ ಹಿಡ್ಕೊಂಡಿದ್ರೆ ವಿಜ್ಞಾನ ಅನ್ಸುತ್ತಮ್ಮಾ,” ಎಂದ ಮ್ಯಾನೇಜರ್. ಅದರಲ್ಲಿ ಇದ್ದದ್ದು ನಲ್ಲಿ ನೀರು. ಕ್ಯಾಮೆರಾ ಹಿಡಿದವನು ಅದನ್ನು ಗಮನವಿಟ್ಟು ನೋಡಲು ಹೇಳಿದ. ಅವಳು ಗಮನವಿಟ್ಟು ನೋಡಿದಳು. ಇಷ್ಟೊಂದು ಜನರ ಹೆಮ್ಮೆಯೆಲ್ಲ ಒಂದು ಬಾಲದ ಮೇಲೆ ನಿಂತಿದೆ, ಅದೂ ನನ್ನ ಕೈಯಲ್ಲಿರುವ ಬಾಲ ಎಂದು ಯೋಚಿಸಿ ಅವಳಿಗೆ ಹೊಟ್ಟೆಯೊಳಗಿನಿಂದ ನಗು ಬಂತು. ಅಳುವಿಗೆ ಅಷ್ಟು ಹತ್ತಿರದ ನಗು. “ಹಾಗೇ ಇರಿ! ಚೆನ್ನಾಗಿದೆ!” ಎಂದ ಕ್ಯಾಮೆರಾದವನು. “ಮೂರು ಗಂಟೆಗೆ ಮುಖ್ಯ ಕಚೇರಿಯಿಂದ ಫೋನ್ ಬರುತ್ತೆ,” ಎಂದ ಮ್ಯಾನೇಜರ್, “ಖಾತ್ರಿ ಮಾಡಿ ದಾಖಲೆ ಪುಸ್ತಕಕ್ಕೆ ಏರಿಸ್ತಾರಂತೆ. ನೀವೇ ಮಾತಾಡಬೇಕು.”

ಲ್ಯಾಬಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಚೀಟಿ ಹುಡುಕಿದಳು. ಸಿಗದೆ ಹೋಗಲಿ ಎಂದು ಒಂದು ಕ್ಷಣ ಬೇಡಿಕೊಂಡಳು. ಸಿಕ್ಕಿತು, ಅವಳೇ ಮೊಳೆಗೆ ಚುಚ್ಚಿ ಇಟ್ಟಿದ್ದಳು, ಏನನ್ನೂ ಸೋರಗೊಡದವಳಲ್ಲವೇ. ಏಳನೆಯ ಸಾಲಿನಲ್ಲಿ ಒಂದು ತೊಟ್ಟು ಪಾಕ ಬಿದ್ದು ಒಣಗಿತ್ತು, ಜೇನುಬಣ್ಣದ ಗಾಜಿನಂತೆ, ಅದರಡಿಯಲ್ಲಿ ಅಂಕಿ ಸಿಕ್ಕಿಕೊಂಡ ಇರುವೆಯ ಹಾಗೆ ಮಲಗಿತ್ತು. ಬೆಳಕಿಗೆ ಹಿಡಿದಳು. ಎಡಕ್ಕೆ ವಾಲಿಸಿದರೆ ಒಂಬತ್ತು, ಬಲಕ್ಕೆ ವಾಲಿಸಿದರೆ ಆರು. ನಿನ್ನೆ ನಾನು ವಾಲಿಸಿದ್ದೆನೇ? ಇಲ್ಲ, ನಿನ್ನೆ ನೇರವಾಗಿಯೇ ನೋಡಿದ್ದೆ, ನೇರವಾಗಿ ನೋಡಿದಾಗ ಮನಸ್ಸು ಎತ್ತ ವಾಲಿತ್ತು ಅನ್ನುವುದಕ್ಕೆ ಸಾಕ್ಷಿ ಯಾರು? ಮೂರು ಅಡಿ ಪಾಕ ಅಂದರೆ ಎಂಟು ಟನ್ ಸಕ್ಕರೆ. ಅದನ್ನು ಕಳೆದರೆ ಉಳಿಯುವುದು ಹನ್ನೊಂದು ಪಾಯಿಂಟ್ ಮೂರು ಒಂಬತ್ತು, ಅಪ್ಪನಿಗಿಂತ ಎರಡು ಕಡಿಮೆ. ಕೋಲಣ್ಣನನ್ನು ಕರೆಸಿ ಕೇಳಿದಳು. ಹೊಟ್ಟೆಯನ್ನು ಮುಂದೆ ಮಾಡಿ ಬಂದ ಆ ಧಡೂತಿ ಮನುಷ್ಯ ಚೀಟಿಯನ್ನು ಮೂಗಿನ ಹತ್ತಿರ ತಂದು, ದೂರ ಹಿಡಿದು, ಕೊನೆಗೆ ಅವಳ ಮುಖವನ್ನೇ ಓದಲು ನೋಡಿದ.

“ನೀವು ಏನು ಬರ್ಕೊಂಡಿದ್ದೀರೋ ಅದೇ ಸರಿ ಅಕ್ಕಾ.”

“ನಾನು ಬರ್ಕೊಂಡಿದ್ದು ಬಿಡಪ್ಪ. ನೀನು ಬರೆದಿದ್ದೇನು?”

“ನಿನ್ನೆ ಹದಿನೆಂಟು ತೊಟ್ಟಿ ನೋಡಿದೀನಿ. ಒಂದೊಂದರ ಮುಖ ಎಲ್ಲಿ ನೆನಪಿರುತ್ತೆ?” ಎಂದು ತಲೆ ಕೆರೆದುಕೊಂಡು, “ಏಳನೇದಂತೂ ಅಲುಗಾಡಿಸಿಲ್ಲ. ಅದರ ಪಾಕ ತಣ್ಣಗಾಗ್ತಾ ಇದೆ, ನಾಳೆ ತೆಗೀತಾರೆ. ಬೇಕಾದ್ರೆ ಈಗಲೇ ಕೋಲು ಇಳಿಸಿಬಿಡ್ಲಾ?” ಎಂದ.

ಎಷ್ಟು ಸುಲಭ! ಅಲ್ಲಿಂದ ಇನ್ನೂರು ಹೆಜ್ಜೆ, ಇಪ್ಪತ್ತೆಂಟು ಮೆಟ್ಟಿಲು, ಒಂದು ಕೋಲು. ಅವಳ ಬಾಯಿ ಮಾತ್ರ, “ಮಧ್ಯಾಹ್ನ ನೋಡೋಣ,” ಎಂದಿತು. ಮಧ್ಯಾಹ್ನದ ತನಕ ಅವಳು ರಸದ ಬಾಟಲಿಗಳ ಮೇಲೆ ನಂಬರು ಅಂಟಿಸಿದಳು, ತಕ್ಕಡಿ ಒರೆಸಿದಳು, ಒರೆಸಿದ್ದನ್ನೇ ಒರೆಸಿದಳು. ಊಟದ ಹೊತ್ತಿಗೆ ಎದ್ದು, ಮೊದಲು ಅಪ್ಪನಿಗೆ ಹೇಳುತ್ತೇನೆ, ನೋವಾಗಿರುವುದು ಅವನಿಗೆ, ನಿನ್ನ ದಾಖಲೆ ನಿನ್ನಲ್ಲೇ ಇದೆ ಎಂದರೆ ಹಿಗ್ಗುತ್ತಾನೆ ಎಂದುಕೊಂಡು ಗೇಟು ದಾಟಿದಳು. ಈ ಯೋಚನೆಯಿಂದ ಅವಳಿಗೆ ತುಸು ಒಳ್ಳೆಯವಳಾದ ಹಾಗೆ ಅನ್ನಿಸಿತು.

ಆ ಒಳ್ಳೆಯತನ ಬೀದಿಯ ತಿರುವಿನ ತನಕವೂ ಬಾಳಲಿಲ್ಲ. ಔಷಧಿ ಅಂಗಡಿಯವನು ಕೌಂಟರಿನ ಹಿಂದಿನಿಂದಲೇ ಕೈಯೆತ್ತಿ, “ನಾಲ್ಕು ಮೂರಂತಲ್ಲ! ಭೇಷ್!” ಎಂದ. ಈ ಮನುಷ್ಯನಿಗೆ ಇಳುವರಿ ಯಾವ ಗಿಡದ ಸೊಪ್ಪೆಂದೂ ಗೊತ್ತಿರಲಿಲ್ಲ. ಕ್ಷೌರದ ಅಂಗಡಿಯವನು ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಹೊರಗೆ ಬಂದು, “ನಿಮ್ಮ ತಂದೆ ಬೆಳಿಗ್ಗೆ ಏಳಕ್ಕೇ ಬಂದು ಕೂತಿದ್ರು. ಗಡ್ಡ ಮನೇಲೇ ಆಗಿತ್ತು, ಸುಮ್ನೆ ಮಾತಾಡೋಕೆ ಬಂದ್ರಂತೆ. ಎರಡು ಗಂಟೆ ಹೊತ್ತು ನಿಮ್ದೇ ಮಾತು!” ಎಂದ. ಅರ್ಧ ಗಡ್ಡದ ಗಿರಾಕಿಯೂ ಒಳಗಿನಿಂದ ತಲೆಯಾಡಿಸಿದ. ಮುಂದೆ ಚಪ್ಪಲಿ ಹೊಲಿಯುವವನ ಎದುರು, ಇಸ್ತ್ರಿ ಶರ್ಟಿನಲ್ಲಿ, ಸ್ಟೂಲಿನ ಮೇಲೆ ಅಪ್ಪ ಕೂತಿದ್ದ. ಚಪ್ಪಲಿ ಎರಡೂ ಕಾಲಲ್ಲೇ ಇದ್ದವು, ಹರಿದಿರಲೂ ಇಲ್ಲ. ಗಾಳಿಯಲ್ಲಿ ಬೆರಳಿನಿಂದ ದಶಾಂಶ ಚುಕ್ಕೆ ಇಟ್ಟು ಅದರ ಆಚೆ ಎರಡು ಅಂಕಿ ಬರೆದು ತೋರಿಸುತ್ತಿದ್ದ. “ಸೋಲಿಸಿಬಿಟ್ಳು ಕಣಯ್ಯಾ! ಇಪ್ಪತ್ತೆರಡು ವರ್ಷ ಅಲ್ಲಾಡಿಸೋಕೆ ಒಬ್ಬನಿಗೂ ಆಗಿರ್ಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ನನಗೆ ಅನ್ನ ಸೇರ್ತಿರ್ಲಿಲ್ಲ. ನಿನ್ನೆ ಕೋಣೇಲಿ ನಿಂತಲ್ಲಿ ನಿಲ್ಲೋಕೆ ಆಗ್ಲಿಲ್ಲ ನನಗೆ, ಕುಣಿಯೋದೊಂದು ಬಾಕಿ!” ಅವಳು ಬೀದಿಯ ಮಧ್ಯದಲ್ಲೇ ನಿಂತಳು. ತಲೆಯ ಮೇಲಿನ ಆ ಹೆಜ್ಜೆಗಳು ಅದಾಗಿದ್ದವೇ! ಅವಳು ಇಷ್ಟು ವರ್ಷ ಅಪ್ಪನ ಜೊತೆ ಒಂದೇ ಸೂರಿನಡಿ ಬದುಕಿ ಸಕ್ಕರೆಯ ಸಾವಿರದಲ್ಲೊಂದು ಭಾಗವನ್ನು ಅಳೆಯಲು ಕಲಿತಿದ್ದಳು, ಅಪ್ಪನ ಮುಖವನ್ನು ಓದಲು ಕಲಿತಿರಲಿಲ್ಲ.

“ಅಪ್ಪಾ, ಸ್ವಲ್ಪ ಬಾ ಇಲ್ಲಿ.”

ವಿದ್ಯುತ್ ಕಂಬದ ಪಕ್ಕಕ್ಕೆ ಕರೆದುಕೊಂಡು ಹೋಗಿ ಒಂದೇ ಉಸಿರಿಗೆ ಹೇಳಿದಳು. ಪಾಕದ ತೊಟ್ಟು, ಬಾಲ, ಎಂಟು ಟನ್. ಅಪ್ಪನ ಮುಖದಲ್ಲಿ ಹಿಗ್ಗು ಮೂಡುತ್ತದೆಂದು ಕಾದಳು. ಎಪ್ಪತ್ತೆರಡು ವರ್ಷದ ಆ ಮುಖ, ಕೈಯಲ್ಲಿದ್ದ ಬಲೂನು ತಪ್ಪಿಸಿಕೊಂಡ ಮಗುವಿನ ಮುಖದ ಹಾಗೆ ಮೊದಲು ಮೇಲಕ್ಕೆ ನೋಡಿತು, ಆಮೇಲೆ ಇಳಿಯಿತು.

“ನಿನಗೆ ಖಾತ್ರಿಯೇನು?”

“ಇಲ್ಲ. ಕೋಲು ಇಳಿಸಿದ್ರೆ ಗೊತ್ತಾಗುತ್ತೆ.”

“ಮತ್ತೆ ಇಲ್ಲೇನು ಮಾಡ್ತಿದ್ದೀಯ? ನಡಿ.”

ನಿವೃತ್ತನಾದ ಅಪ್ಪ ಕಾರ್ಖಾನೆಯೊಳಗೆ ಕಾಲಿಟ್ಟು ಹದಿನಾಲ್ಕು ವರ್ಷವಾಗಿತ್ತು; ಕರೆಯದೆ ಹೋಗಬಾರದು ಎಂಬುದು ಅವನ ಹಠ, ಕರೆಯಬೇಕು ಎಂದು ಯಾರಿಗೂ ಹೊಳೆಯದೇ ಹೋದದ್ದು ಅವನ ಹಣೆಬರಹ. ಗೇಟು ದಾಟುತ್ತಲೇ ಮೂಗರಳಿಸಿ, “ರಸಕ್ಕೆ ಸುಣ್ಣ ಸ್ವಲ್ಪ ಜಾಸ್ತಿ ಹಾಕ್ತಿದ್ದಾರೆ,” ಎಂದ. ಮೆಟ್ಟಿಲು ಹತ್ತುವಾಗ ಅವಳು ಹಿಂದಿನಿಂದ ಕೈ ಚಾಚಿಕೊಂಡೇ ಹತ್ತಿದಳು, ಅವನು ಕಂಬಿಯನ್ನೂ ಮುಟ್ಟಲಿಲ್ಲ, ತುಟಿ ಮಾತ್ರ ಏನೋ ಗುಣಾಕಾರ ಮಾಡುತ್ತಿತ್ತು. ಮೇಲೆ ಬಿಸಿ, ಸಿಹಿ, ಕಬ್ಬಿಣದ ನಡುಕ. ಏಳನೇ ತೊಟ್ಟಿ ಮೊದಲ ಸಾಲಿನ ತುದಿಯಲ್ಲಿ, ಮದುವೆ ಮನೆಯಲ್ಲಿ ಮೂಲೆ ಹಿಡಿದ ಮುದುಕಿಯ ಹಾಗೆ ಸದ್ದಿಲ್ಲದೆ ಕೂತಿತ್ತು. ಕೋಲಣ್ಣ ಮುಚ್ಚಳ ಸರಿಸಿ, ಗುರುತು ಹಾಕಿದ ಕೋಲನ್ನು ನಿಧಾನ ಇಳಿಸಿ, ತಳ ತಾಗಿದ ಸದ್ದು ಕೇಳಿಸಿ, ಎತ್ತಿದ. ಕಂದು ಪಾಕ ಹೊಳೆಯುತ್ತ ಏರಿ ಒಂದು ಗೆರೆಯ ಬಳಿ ನಿಂತಿತ್ತು. ಆರು. ಅನುಮಾನಕ್ಕೆ ಎಡೆಯೇ ಇಲ್ಲದ, ಸ್ವಚ್ಛವಾದ ಆರು.

“ತಳಕ್ಕೆ ತಾಗಿಸಿದೆಯೇನಯ್ಯಾ? ಇನ್ನೊಮ್ಮೆ ಇಳಿಸು,” ಎಂದ ಅಪ್ಪ.

ಇನ್ನೊಮ್ಮೆಯೂ ಆರು. ಆಚೆ ಬದಿಯಿಂದ ಇಳಿಸಿದರೂ ಆರು.

“ಪಾಕ ತಣ್ಣಗಾದ್ರೆ ಕುಗ್ಗುತ್ತೆ ಕಣೇ. ನಿನ್ನೆ ಬಿಸಿ ಇದ್ದಾಗ ಮೇಲಿದ್ದಿರಬಹುದು.”

“ಮೂರು ಅಡಿ ಕುಗ್ಗುತ್ತಾ ಅಪ್ಪಾ?”

“ಮೂರು ಬೇಡ. ಎರಡು ಅಂತ ಇಟ್ಕೋ.”

“ಅಪ್ಪಾ.”

“ಒಂದೂವರೆ! ಬರೀ ಒಂದೂವರೆ ಅಡಿ ಬಿಟ್ಟುಕೊಟ್ರೆ ನಾವಿಬ್ರೂ ಸರಿಸಮ ಆಗ್ತೀವಿ. ಮೆಟ್ಟಿಲ ಮೇಲೇ ಲೆಕ್ಕ ಹಾಕಿದೀನಿ.”

ಉಳಿದ ನಾಲ್ಕು ಎಲ್ಲಿ ಸೋರಿತು ಎಂದು ಕೇಳಿದ ಮನುಷ್ಯ ತರಕಾರಿಯವಳ ಹತ್ತಿರ ನಿಂತ ಗಿರಾಕಿಯ ಹಾಗೆ ಚೌಕಾಸಿಗೆ ಇಳಿದಿದ್ದ, ಅದೂ ಅವಳಿಗೋಸ್ಕರ. ಅವಳಿಗೆ ಬೆಳಿಗ್ಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದ ನಗು ಈಗ ಪೂರ್ತಿ ಹೊರಗೆ ಬಂತು, ಕಬ್ಬಿಣದ ಅಟ್ಟ ಅದುರುವಷ್ಟು. ಕೋಲಣ್ಣ ಯಾಕೆಂದು ತಿಳಿಯದೆಯೇ ಜೊತೆಗೂಡಿದ, ಅವನ ಹೊಟ್ಟೆ ಅವನಿಗಿಂತ ಮೊದಲು ನಕ್ಕಿತು. ಅಪ್ಪ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, “ಆರೇ,” ಎಂದ. “ಬರ್ಕೋ.”

ಮ್ಯಾನೇಜರ್ ಕೋಣೆಗೆ ಅವಳು ಒಬ್ಬಳೇ ಹೋದಳು, ಎರಡೂ ಮುಕ್ಕಾಲಿಗೆ. ಹೇಳುವುದನ್ನು ಮೊದಲೇ ಜೋಡಿಸಿಕೊಂಡಿದ್ದಳು: ಚೀಟಿ ಅಸ್ಪಷ್ಟವಾಗಿತ್ತು, ಮತ್ತೊಮ್ಮೆ ಪರಿಶೀಲಿಸಲಾಗಿ. ಅವನ ಎದುರು ಕೂತಾಗ ಆ ಮಾತು ಬಾಯಿಗೆ ಹುಳಿ ಅನ್ನಿಸಿತು. “ನಾನು ತಪ್ಪು ಓದಿದೆ ಸಾರ್. ಅನುಮಾನ ಬಂದಾಗ ಕೇಳಬೇಕಿತ್ತು, ಕೇಳಲಿಲ್ಲ. ದೊಡ್ಡದು ಇಷ್ಟ ಆಯ್ತು,” ಎಂದಳು. ಮ್ಯಾನೇಜರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಫ್ಯಾನಿನ ಮೂರು ರೆಕ್ಕೆಗಳನ್ನೂ ಎಣಿಸುವವನ ಹಾಗೆ ಮೇಲೆ ನೋಡಿದ. ಈಗ ಗುಡುಗುತ್ತದೆ ಎಂದು ಅವಳು ಭುಜ ಕುಗ್ಗಿಸಿದಳು.

“ಯಾರಿಗೆಲ್ಲ ಗೊತ್ತು?”

“ನನ್ನ ಅಪ್ಪನಿಗೆ. ಕೋಲಣ್ಣನಿಗೆ.”

“ಕೋಲಣ್ಣನಿಗಾ? ಹಾಗಾದ್ರೆ ಊರಿಗೆಲ್ಲ ಗೊತ್ತು ಅನ್ನಿ.” ಮೇಜಿನ ಮೇಲಿದ್ದ ಫೋಟೋ ಎತ್ತಿಕೊಂಡ. ಅವಳ ಕಡೆ ತಿರುಗಿಸಿದ. “ಈ ಬೋರ್ಡಲ್ಲಿ ನಂಬರ್ ಕಾಣುತ್ತಾ?”

ಅವಳು ಬಗ್ಗಿ ನೋಡಿದಳು. ಮ್ಯಾನೇಜರನ ತಲೆ ಸಾಕಷ್ಟು ದೊಡ್ಡದು. ದಶಾಂಶ ಚುಕ್ಕೆಯ ಆಚೆಗಿನದನ್ನೆಲ್ಲ ಅದು ಮುಚ್ಚಿತ್ತು. “ಹನ್ನೊಂದು ಮಾತ್ರ ಕಾಣುತ್ತೆ ಸಾರ್.”

“ಹನ್ನೊಂದು ನಿಜ ತಾನೇ? ಫೋಟೋ ಇರಲಿ ಬಿಡಿ.” ಫೋಟೋವನ್ನು ಜೋಪಾನವಾಗಿ ಡ್ರಾಯರಿಗೆ ಸೇರಿಸಿದ. ಅವನ ಕಿವಿಯ ತುದಿ ಕೆಂಪಾಗಿದ್ದದ್ದು ಅವಳಿಗೆ ಕಂಡಿತು; ಮುಖ್ಯ ಕಚೇರಿಯಲ್ಲಿ ನಗೆಪಾಟಲಾಗುವವನು ಅವನೇ, ಅವಳಲ್ಲ. ಫೋನ್ ಬಂದಾಗ ಅವಳು ಕೈ ಚಾಚಿದಳು. ಮ್ಯಾನೇಜರ್ ತಲೆಯಾಡಿಸಿ ತಾನೇ ಎತ್ತಿಕೊಂಡು, “ಲೆಕ್ಕ ಮತ್ತೆ ನೋಡಿದ್ವಿ ಸಾರ್, ಮೂರು ಒಂಬತ್ತು. ಹೌದು, ಕಮ್ಮಿ. ಹೌದು, ನಾವೇ ಹಿಡಿದ್ವಿ,” ಎಂದ. ಫೋನ್ ಇಟ್ಟು, “ಬೋರ್ಡು ಮಾತ್ರ ನೀವೇ ಅಳಿಸಬೇಕಮ್ಮಾ. ಪೇಂಟರನ್ನ ಮತ್ತೆ ಕರೆಸೋಕೆ ನನಗೆ ನಾಚಿಕೆ,” ಎಂದ.

ಹೀಗೆ ಮೂರರ ಪಾಳಿ ಬದಲಾಗುವ ಹೊತ್ತಿಗೆ, ಒಳಗೆ ಬರುವವರು ಹೊರಗೆ ಹೋಗುವವರು ಎಲ್ಲರ ಕಣ್ಣೆದುರು, ಅವಳು ಸ್ಟೂಲಿನ ಮೇಲೆ ಹತ್ತಿ ಸೀಮೆಎಣ್ಣೆ ಬಟ್ಟೆಯಿಂದ ನಾಲ್ಕನ್ನೂ ಮೂರನ್ನೂ ಒರೆಸಿದಳು. ಬಣ್ಣ ಪೂರ್ತಿ ಒಣಗಿರದೆ ಮೊಣಕೈ ತನಕ ಬಿಳಿಯಾಯಿತು. ಬೆನ್ನ ಹಿಂದೆ ಗುಂಪು ಸೇರಿತು. ತಪ್ಪು ಯಾರದು ಎಂದು ಯಾರೋ ಮೆಲ್ಲಗೆ ಕೇಳಿದರು. “ನನ್ನದು,” ಎಂದಳು ತಿರುಗದೆಯೇ, ಅಷ್ಟು ಸಣ್ಣ ಮಾತು ಇಡೀ ದಿನ ಅಷ್ಟು ದೊಡ್ಡದಾಗಿ ಒಳಗೆ ಕೂತಿತ್ತಲ್ಲ ಎಂದು ಬೆರಗಾಗುತ್ತ. ರೋಲರ್ ಮಾವ, “ನಾನು ಆಗಲೇ ಅಂದಿದ್ದೆ, ಎರಡನೇ ರೋಲರ್ ಯಾಕೋ ಸರಿ ಕೂತಿಲ್ಲ ಅಂತ,” ಎಂದ. ಅವನು ಹಾಗೆ ಅಂದದ್ದನ್ನು ಕೇಳಿದವರು ಯಾರೂ ಇರಲಿಲ್ಲ. ಪಾಕದಜ್ಜ, ಅವಳು ಒರೆಸಿದ ಜಾಗದಲ್ಲಿ ಸೀಮೆಸುಣ್ಣದಿಂದ ಬರೆದ ಹೊಸ ಅಂಕಿಗಳನ್ನು ಕಣ್ಣು ಕಿರಿದು ಮಾಡಿ ಓದಿ, “ಮೂವತ್ತೊಂಬತ್ತು ಕೆಟ್ಟದ್ದೇನಲ್ಲ ಬಿಡಕ್ಕಾ. ನನ್ನ ಹೆಂಡತಿ ಹತ್ತು ವರ್ಷದಿಂದ ಹೇಳ್ತಿರೋ ವಯಸ್ಸೂ ಅದೇ,” ಎಂದ. ಗುಂಪು ಘೊಳ್ಳೆಂದಿತು. ನಕ್ಕು ಮುಗಿಸಿ, ಒಳಗೆ ಹೋಗಬೇಕಾದವರು ಒಳಗೆ ಹೋದರು.

ಅಪ್ಪ ಗೇಟಿನ ಒಳಗೆ ಕಲ್ಲುಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಕೂತು ಕೈಯ ಬಣ್ಣ ತಿಕ್ಕಿಕೊಳ್ಳತೊಡಗಿದಳು. ಅವನು ಒಂದೆರಡು ಸಲ ಗಂಟಲು ಸರಿ ಮಾಡಿಕೊಂಡ.

“ಆ ವಾರ ಇಳುವರಿ ಏರಿತಲ್ಲ, ನನ್ನದು. ಅದಕ್ಕೆ ನಾನು ಮಾಡಿದ್ದು ಏನೂ ಇಲ್ಲ.”

“ಅಂದ್ರೆ? ಅಳತೆ ತಪ್ಪಾ?”

“ಛೆ, ಅಳತೆ ಚಿನ್ನದಂಥದ್ದು. ಆದ್ರೆ ಏರಿಸಿದ್ದು ನಾನಲ್ಲ. ಆಗಿನ ಅಂಗಳದ ಗುಮಾಸ್ತ ಇದ್ನಲ್ಲ, ಬೋಳುತಲೆಯವನು, ಅವನಿಗೂ ನನಗೂ ಜಗಳ ಆಯ್ತು. ನೀನು ಪರಿಚಯದವರ ಗಾಡೀನ ಮುಂದೆ ಬಿಡ್ತೀಯ, ಮೊದಲು ಬಂದ ಕಬ್ಬು ಬಿಸಿಲಲ್ಲಿ ನಿಂತು ಒಣಗುತ್ತೆ, ಅದರ ಸಕ್ಕರೆ ಅಲ್ಲೇ ಸಾಯುತ್ತೆ ಅಂದೆ. ಹತ್ತು ಜನರ ಎದುರು ಅಂದೆ. ಅವನಿಗೆ ರೋಷ ಬಂತು. ಸರದಿ ಅಂದ್ರೆ ಸರದಿ ಅಂತ ಏಳು ದಿನ ಸ್ವಂತ ತಮ್ಮನ ಗಾಡೀನೂ ಮುಂದೆ ಬಿಡ್ಲಿಲ್ಲ. ಕಡಿದ ಕಬ್ಬು ಒಂದು ದಿನ ದಾಟದೆ ಉರುಳೆಗೆ ಬಿತ್ತು. ಎಂಟನೇ ದಿನ ಅವನೇ ಬಂದು ರಾಜಿ ಮಾಡ್ಕೊಂಡ. ಇಳುವರಿ ಮತ್ತೆ ಇಳೀತು.”

“ಇದನ್ನ ಇಪ್ಪತ್ತೆರಡು ವರ್ಷ ಯಾರಿಗೂ ಹೇಳಿಲ್ಲ!”

“ಹೇಳಿದ್ರೆ ಅವನ ಹೆಸರು ಹೇಳಬೇಕಿತ್ತು.” ಅಪ್ಪ ಬೂಟುಗಾಲಿನ ಸಾಲೊಂದು ಹಾದುಹೋಗಲಿ ಎಂದು ಕಾದು ಅವಳ ಕಡೆಗೆ ವಾಲಿದ. “ನನ್ನನ್ನ ಸೋಲಿಸಬೇಕು ಅಂತಿದ್ರೆ ದಾರಿ ಒಂದೇ. ಹೋಗಿ ಅಂಗಳದ ಗುಮಾಸ್ತನ ಹತ್ರ ಜಗಳ ಆಡು.”

“ಅಂಗಳದ ಗುಮಾಸ್ತ ನಿನ್ನ ಅಳಿಯ ಕಣಪ್ಪಾ.”

“ಗೊತ್ತು. ಅದಕ್ಕೇ ಇಷ್ಟು ದಿನ ಬಾಯಿ ಬಿಡ್ಲಿಲ್ಲ.”

ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದೆ ಏನು, ಒಣಗಿದ ಕಬ್ಬಿನ ರಸ ಅವಳ ಗಾಜಿನ ಕೊಳವೆಗೆ ದಿನವೂ ಬರುತ್ತಿತ್ತು. ಇಳುವರಿ ಕುಸಿದ ವಾರಗಳಲ್ಲಿ ಷರಾ ಕಾಲಮ್ಮಿನಲ್ಲಿ ‘ಬಿಸಿಲು ಹೆಚ್ಚು’ ಎಂದು ಬರೆದು ಬರೆದು ಅವಳು ಬಿಸಿಲಿನ ಮೇಲೆ ಹೊರಿಸಿದ್ದೆಲ್ಲ ಗಂಡನ ಹೂಂಗಳನ್ನು. ಎದ್ದು ಅಂಗಳದ ಕಡೆ ನಡೆದಳು. ಅಪ್ಪ ಹತ್ತು ಹೆಜ್ಜೆ ಹಿಂದೆ, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಕೈ ಹಿಂದೆ ಕಟ್ಟಿಕೊಂಡು ಬಂದ. ಗಂಡ ತನ್ನ ಗೂಡಿನ ಕಿಟಕಿಯಲ್ಲಿ ಚೀಟಿ ಹರಿಯುತ್ತಿದ್ದ; ಸುತ್ತ ಏಳೆಂಟು ಡ್ರೈವರುಗಳು. ಅವಳನ್ನು ಕಂಡು, ಬೋರ್ಡಿನ ಸುದ್ದಿ ಮುಟ್ಟಿತ್ತೇನೋ, ಕರುಣೆಯಿಂದ ನಕ್ಕ. ಆ ನಗುವನ್ನು ನೋಡಿ ಜಗಳದ ಮೊದಲ ಮಾತೇ ಅವಳಿಗೆ ಮರೆತುಹೋಯಿತು.

“ರೀ, ಆ ಹಸಿರು ಲಾರಿ ಈಗ ತಾನೇ ಬಂತು. ಅದ್ಯಾಕೆ ಮುಂದೆ ನಿಂತಿದೆ?”

“ಪಾಪ, ಅವನ ಹೆಂಡತಿಗೆ ಹೆರಿಗೆಯಂತೆ.”

“ಹೋದ ತಿಂಗಳೂ ಅವಳಿಗೆ ಹೆರಿಗೆ ಆಗಿತ್ತು!”

ಡ್ರೈವರುಗಳು ಕಿಸಕ್ಕನೆ ನಕ್ಕರು. ಗಂಡನೂ ನಕ್ಕ. ಹತ್ತಿಮೂಟೆ. ಅವಳು ಉಸಿರೆಳೆದುಕೊಂಡು, ಒಳಗಿನ ಪ್ರೀತಿಯನ್ನೆಲ್ಲ ಒಂದು ಪಕ್ಕಕ್ಕೆ ತಳ್ಳಿ ಹೇಳಿದಳು: “ನಿಮಗೆ ಇಲ್ಲ ಅನ್ನೋಕೆ ಬರಲ್ಲ. ದನಿ ತಗ್ಗಿಸಿ ಕೇಳಿದವರೆಲ್ಲ ಇಲ್ಲಿ ಗುಮಾಸ್ತರೇ, ನಿಮ್ಮೊಬ್ಬರನ್ನ ಬಿಟ್ಟು. ಆ ಹಿಂದಿನ ಲಾರಿಯವನು ನಿನ್ನೆಯಿಂದ ಕಾಯ್ತಿದ್ದಾನೆ, ಅವನು ಕೇಳಲ್ಲ, ಅದಕ್ಕೇ ಅವನ ಕಬ್ಬು ಕಟ್ಟಿಗೆ ಆಗ್ತಿದೆ. ಇದು ಒಳ್ಳೆತನ ಅಲ್ಲ ರೀ, ಇದು ಸೋಮಾರಿತನ.” ಈ ಸಲ ಯಾರೂ ನಗಲಿಲ್ಲ. ಗಂಡನ ಕೈಯಲ್ಲಿ ಅರ್ಧ ಹರಿದ ಚೀಟಿ ನಿಂತಿತು. ಅವನ ಕತ್ತಿನಿಂದ ಒಂದು ಕೆಂಪು ನಿಧಾನವಾಗಿ ಮೇಲೇರಿ ಕೆನ್ನೆಗೆ ಬಂತು, ಅವಳು ಹದಿನಾರು ವರ್ಷದಲ್ಲಿ ಒಮ್ಮೆಯೂ ನೋಡದ ಬಣ್ಣ. ಅಯ್ಯೋ, ಹೆಚ್ಚಾಯಿತು, ನಾಲಿಗೆ ಕಚ್ಚಿಕೊಳ್ಳಲೇ ಎಂದುಕೊಳ್ಳುವಷ್ಟರಲ್ಲಿ ಗೂಡಿನ ಬಾಗಿಲು ದಢಾರೆಂದು ತೆರೆಯಿತು.

“ಸರದಿ ಬೇಕಾ ನಿನಗೆ? ಸರದೀನೇ ತಗೋ!” ಎಂದ ಅವನು, ಅವನದೇ ಎಂದು ನಂಬಲಾಗದ ದನಿಯಲ್ಲಿ. ಚೀಟಿಗಳ ಪುಸ್ತಕ ಹಿಡಿದು ಅಂಗಳಕ್ಕಿಳಿದ. “ಹಸಿರು ಲಾರಿ, ಹಿಂದೆ ತೆಗಿ! ನಿನ್ನ ಹಿಂದಿನವನೂ! ಏಯ್, ನಿನ್ನೆ ಬಂದವನು ಯಾರಪ್ಪಾ? ನೀನಾ? ಮುಂದೆ ಬಾ! ಇವತ್ತಿಂದ ನನ್ನ ಅಪ್ಪ ಬಂದು ಕೇಳಿದ್ರೂ ಸರದಿಯೇ!”

ಲಾರಿಗಳು ಗೊಣಗುತ್ತ ಹಿಂದೆ ಸರಿದವು, ಧೂಳೆದ್ದಿತು, ಹಿಂದಿನ ಸಾಲಿನಿಂದ ಕಳೆಗುಂದಿದ ಕಬ್ಬಿನ ಲಾರಿಯೊಂದು ಮದುಮಗನ ಹಾಗೆ ದಾರಿ ಮಾಡಿಕೊಂಡು ಮುಂದೆ ಬಂತು. ಗಂಡ ಅದರ ಮುಂದೆ ಎದೆಯೆತ್ತಿ ನಡೆದ, ಹೆಂಡತಿಯ ಕಡೆಗೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಎಷ್ಟು ಚೆನ್ನಾಗಿ ಕಾಣುತ್ತಾನೆ ಎಂದು ಅವಳಿಗೆ ಅನ್ನಿಸಿತು. ಓಡಿಹೋಗಿ ತೋಳು ಹಿಡಿದು ಹಾಗೆಂದು ಹೇಳಿಬಿಡಬೇಕು ಎಂದು ಒಂದು ಹೆಜ್ಜೆ ಇಟ್ಟೂ ಇಟ್ಟಳು. ಅಷ್ಟರಲ್ಲಿ ಹಿಂದಿನಿಂದ ಅಪ್ಪ ಅವಳ ಸೆರಗಿನ ತುದಿ ಹಿಡಿದು ಜಗ್ಗಿದ.

“ಏಳು ದಿನ,” ಎಂದ ಪಿಸುದನಿಯಲ್ಲಿ. “ಏಳು ದಿನ ರಾಜಿ ಆಗಬೇಡ ಕಣೇ!”